ಮನೆಗೆ ಹೋಗುವ ದಾರಿಗೊಂದು ಕೊರೊಕ್ಕೆ

ಅವರನ್ನು ನೆನೆದರೆ ನನಗೆ ಮುಖಕ್ಕಿಂತ ಮೊದಲು ಬೆನ್ನು ಕಾಣಿಸುತ್ತದೆ. ಮೆಲ್ಬರ್ನಿನ ಬಾಕ್ಸ್ ಹಿಲ್ ಸ್ಟೇಷನ್ನಿಗೆ ಹೊಂದಿಕೊಂಡ ಫುಡ್ ಕೋರ್ಟಿನಲ್ಲಿ ಕೊನೆಯ ಅಂಗಡಿ ಅವರದು. ಎಣ್ಣೆಯ ಕಡಾಯಿ ಹಿಂಬದಿಯ ಗೋಡೆಗಿದ್ದುದರಿಂದ ದಿನವಿಡೀ ಗಿರಾಕಿಗಳಿಗೆ ಬೆನ್ನು ಮಾಡಿಕೊಂಡೇ ನಿಂತಿರುತ್ತಿದ್ದರು. ಬಿಳಿ ಟೋಪಿ, ಬಿಳಿ ಏಪ್ರನ್ನಿನ ಗಂಟು, ಬಲಕ್ಕೆ ತುಸು ವಾಲಿದ ಹೆಗಲು. ಬಂದವರು ಬೇಕಾದ್ದನ್ನು ಹೇಳಿದರೆ ತಿರುಗದೆಯೇ "ಯೆಸ್, ಫೈವ್ ಮಿನಿಟ್ಸ್" ಅನ್ನುತ್ತಿದ್ದರು. ಅಂಗಡಿಯ ಬೋರ್ಡು ಜಪಾನೀ ಅಕ್ಷರದಲ್ಲಿತ್ತು. ಹಾಗಾಗಿ ಆ ಬೆನ್ನು ಜಪಾನಿನವರದೇ ಎಂದು ನಾನು ಮೂರು ತಿಂಗಳು ನಂಬಿದ್ದೆ.

ನಾನಾಗ ಅಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಗಂಡನಿಗೆ ರಸ್ತೆ ಕಟ್ಟುವ ಕಂಪನಿಯೊಂದರಲ್ಲಿ ಸಿಡ್ನಿಯಲ್ಲಿ ಕೆಲಸ ಸಿಕ್ಕಿತ್ತು. ಪಿಆರ್, ಅಂದರೆ ಇಲ್ಲಿ ಖಾಯಂ ನೆಲೆಸುವ ಪರವಾನಗಿ, ಸಿಕ್ಕಿದ ಮೊದಲ ವರ್ಷ, ಸಿಕ್ಕ ಕೆಲಸ ಬಿಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವರು ಸಿಡ್ನಿಯ ಪ್ಯಾರಮ್ಯಾಟದಲ್ಲಿ, ನಾನು ಬಾಕ್ಸ್ ಹಿಲ್ಲಿನಲ್ಲಿ. ಮೂರು ವಾರಕ್ಕೊಮ್ಮೆ ಯಾರಾದರೊಬ್ಬರು ವಿಮಾನ ಹತ್ತುವುದು. ಉಳಿದ ದಿನಗಳಲ್ಲಿ ನನ್ನ ಬಾಯಿಂದ ಕನ್ನಡ ಹೊರಡುತ್ತಿದ್ದದ್ದು ಫೋನಿನಲ್ಲಿ ಮಾತ್ರ.

ಒಂದು ಮಧ್ಯಾಹ್ನ ಫುಡ್ ಕೋರ್ಟಿನಲ್ಲಿ ಕೂತು, ಫೋನ್ ಕಾರ್ಡಿನ ಅಷ್ಟೂ ನಂಬರು ಒತ್ತಿ ತಿಪಟೂರಿನ ಅಮ್ಮನಿಗೆ ಕರೆ ಮಾಡಿದ್ದೆ. "ಏನ್ ಊಟ ಮಾಡ್ದೆ?" ಎಂದು ಅಮ್ಮ ಕೇಳಿದರು. "ಅನ್ನ, ಬೇಳೆಸಾರು. ಬೆಳಿಗ್ಗೆನೇ ಮಾಡ್ಕೊಂಡ್ ಬಂದಿದೀನಮ್ಮ" ಎಂದೆ. ನನ್ನ ಮುಂದೆ ಇದ್ದದ್ದು ಎರಡು ತುಂಡು ತಣ್ಣನೆಯ ಬ್ರೆಡ್ಡು. ಫೋನ್ ಇಟ್ಟ ಕೂಡಲೇ ಆ ಬಿಳಿ ಬೆನ್ನು ಮೆಲ್ಲಗೆ ಅಲುಗಿತು.

"ತಾಯಿಗೆ ಸುಳ್ಳು ಹೇಳುದಾ ಮಾರಾಯ್ರೆ? ಅನ್ನ ಎಲ್ಲಿ ಉಂಟು, ಸಾರು ಎಲ್ಲಿ ಉಂಟು?"

ನಾನು ಬೆಚ್ಚಿ ಸುತ್ತ ನೋಡಿದೆ. ಜಪಾನಿನವರೆಂದುಕೊಂಡಿದ್ದ ಆಸಾಮಿ ಕಡಾಯಿ ಬಿಟ್ಟು ತಿರುಗಿದ್ದರು. ಅರವತ್ತರ ಆಸುಪಾಸಿನ ಮುಖ, ನರೆತ ಹುಬ್ಬು, ನಗುವಾಗ ಒಂದು ಕಣ್ಣು ಮಾತ್ರ ಪೂರ್ತಿ ಮುಚ್ಚಿಕೊಳ್ಳುತ್ತಿತ್ತು.

ಮಂಗಳೂರಿನ ಕಡೆಯ ಕ್ರೈಸ್ತರು. ಮನೆಮಾತು ಕೊಂಕಣಿ. ಇಪ್ಪತ್ತೈದು ವರ್ಷ ಸರಕು ಹಡಗುಗಳಲ್ಲಿ ಅಡುಗೆಯವರಾಗಿದ್ದು, ಆಮೇಲೆ ಸಿಡ್ನಿಯ ಜಪಾನೀ ಹೋಟೆಲೊಂದು ಕರೆಸಿಕೊಂಡಿದ್ದರಿಂದ ಈ ದೇಶಕ್ಕೆ ಬಂದು ನಿಂತವರು. ಇಷ್ಟನ್ನು ಆ ದಿನ ಎರಡು ಗಿರಾಕಿಗಳ ನಡುವಿನ ಬಿಡುವಿನಲ್ಲಿ ಹೇಳಿದರು. "ಬೋರ್ಡು ನೋಡಿ ಎಲ್ಲ ನನ್ನನ್ನು ಜಪಾನಿ ಅಂದ್ಕೊಳ್ತಾರೆ. ಮುಖ ನೋಡಿದ ಮೇಲೆ ಅವರಿಗೆ ಕೇಳ್ಲಿಕ್ಕೆ ನಾಚಿಕೆ. ಅದಕ್ಕೇ ನಾನು ತಿರುಗುದೇ ಇಲ್ಲ" ಎಂದರು. ಅದು ತಮಾಷೆಯೋ ನಿಜವೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಅವರ ಅಂಗಡಿಯಲ್ಲಿ ಎರಡೇ ತಿಂಡಿ. ಒಂದು ಕತ್ಸು, ಅಂದರೆ ಬ್ರೆಡ್ಡಿನ ಪುಡಿ ಹಚ್ಚಿ ಕರಿದ ಮಾಂಸದ ತುಂಡು. ಇನ್ನೊಂದು ಕೊರೊಕ್ಕೆ, ಆಲೂಗಡ್ಡೆಯದು. ನಾನು ಸಸ್ಯಾಹಾರಿ ಎಂದಾಗ ಅವರು ಒಂದು ಕ್ಷಣ ಯೋಚಿಸಿ, "ಬಟಾಟೆಯೊಳಗೆ ನಾನು ಸ್ವಲ್ಪ ಕೈಮಾ ಹಾಕುದು. ಹೊರಗೆ ಮೊಟ್ಟೆ. ಎಣ್ಣೆಯೂ ಒಂದೇ. ನಿಮಗೆ ಆಗ್ಲಿಕ್ಕಿಲ್ಲ" ಎಂದರು. ಮರುವಾರ ಹೋದಾಗ ದೊಡ್ಡ ಕಡಾಯಿಯ ಪಕ್ಕದಲ್ಲಿ ಒಂದು ಪುಟ್ಟ ಬಾಣಲೆ ಬಂದು ಕೂತಿತ್ತು. ಕೈಮಾ ಇಲ್ಲ, ಮೊಟ್ಟೆಯ ಬದಲು ಮೈದಾ ಕಲಸಿದ ನೀರು. "ಇದು ನಿಮ್ಮ ಒಬ್ಬರದ್ದೇ. ಬೇರೆ ಎಂತದೂ ಇದಕ್ಕೆ ಬೀಳುದಿಲ್ಲ" ಎಂದು ಕಾಗದದಲ್ಲಿ ಸುತ್ತಿ ಕೊಟ್ಟರು. ಕಚ್ಚಿದರೆ ಹೊರಗಿನ ಪದರ ಗರಿಗರಿಯಾಗಿ ಮುರಿದು, ಒಳಗೆ ಬಿಸಿ ಆಲೂಗಡ್ಡೆ ಬೆಣ್ಣೆಯ ಹಾಗೆ ಬಾಯಿ ತುಂಬಿತು. ಕೆಂಪಗೆ ಬಾಡಿಸಿದ ಈರುಳ್ಳಿಯ ಸಿಹಿ ಆಮೇಲೆ ಬಂತು. ಖಾರವಿಲ್ಲ, ಹುಳಿಯಿಲ್ಲ, ನಮ್ಮ ಬೋಂಡದ ಗತ್ತಿಲ್ಲ. ಆದರೂ ಕಣ್ಣು ಒದ್ದೆಯಾದದ್ದು ಅವರಿಗೆ ಕಾಣದಿರಲೆಂದು ಮುಖ ಆ ಕಡೆ ಮಾಡಿಕೊಂಡೆ.

ಆಮೇಲೆ ಪ್ರತಿ ಗುರುವಾರ ಅಲ್ಲಿಗೆ ಹೋಗುವುದು ರೂಢಿಯಾಯಿತು. ಅಂಕಲ್ ಎಂದು ಕರೆಯತೊಡಗಿದೆ. ಅವರು ಕೊನೆಯವರೆಗೂ ನೀವು ಎನ್ನುವುದನ್ನು ಬಿಡಲಿಲ್ಲ.

ಅಡುಗೆಯ ವಿಷಯ ಬಿಟ್ಟರೆ ಅವರು ಮಾತಿನಲ್ಲಿ ಜಿಪುಣರು. ಅಡುಗೆಯ ವಿಷಯ ಬಂದರೆ ಮಾತ್ರ ಕೈಯಲ್ಲಿದ್ದ ಜಾಲರಿ ಸೌಟನ್ನು ಗಾಳಿಯಲ್ಲಿ ಆಡಿಸುತ್ತ ಮೇಷ್ಟ್ರಾಗಿಬಿಡುತ್ತಿದ್ದರು.

"ಇದು ಜಪಾನಿನದ್ದೇ ಅಲ್ಲ ಗೊತ್ತುಂಟಾ? ಯುರೋಪಿನದ್ದು. ಅಲ್ಲಿ ಕ್ರೋಕೆಟ್ ಅಂತ ಹೇಳುದು. ಹಾಲು, ಬೆಣ್ಣೆ ಎಲ್ಲ ಹಾಕಿ ಮಾಡುವ ದೊಡ್ಡವರ ತಿಂಡಿ. ಜಪಾನಿನ ಬಡವರ ಮನೆಯಲ್ಲಿ ಹಾಲು, ಬೆಣ್ಣೆ ಎಲ್ಲಿಂದ ಬರ್ಬೇಕು? ಬಟಾಟೆ ಹಾಕಿದರು. ಹೆಸರು ಬಾಯಿಗೆ ಸಿಗ್ಲಿಲ್ಲ, ಕೊರೊಕ್ಕೆ ಆಯ್ತು. ಕತ್ಸು ಅಂದ್ರೆ ಎಂತ? ನಮ್ಮ ಕಟ್ಲೆಟ್ಟೇ. ಕಟ್ಲೆಟ್ ಅನ್ಲಿಕ್ಕೆ ಹೋಗಿ ಕತ್ಸುರೆತ್ಸು ಅಂದರು. ಉದ್ದ ಆಯ್ತು ಅಂತ ಅರ್ಧ ಕಡಿದು ಬಿಸಾಡಿದರು. ನಮ್ಮಲ್ಲಿ ಕಟ್ಲೆಟ್ ಇಲ್ಲದೆ ಮದುವೆ ಆಗುದಿಲ್ಲ, ಕ್ರಿಸ್ಮಸ್ ಆಗುದಿಲ್ಲ. ಒಂದೇ ಶಬ್ದ, ಹಡಗು ಹತ್ತಿ ಎಲ್ಲೆಲ್ಲಿಗೆ ಹೋಗಿದೆ ನೋಡಿ."

ಅವರು ಇದನ್ನು ಕಲಿತದ್ದು ಜಪಾನಿನ ಕೋಬೆ ಎಂಬ ಬಂದರಿನಲ್ಲಿ. ಹಡಗು ರಿಪೇರಿಗೆಂದು ಆರು ವಾರ ಅಲ್ಲಿ ನಿಂತಿತ್ತಂತೆ. ಹಡಗು ನಿಲ್ಲುವ ದಕ್ಕೆಗೆ ಹೋಗುವ ದಾರಿಯಲ್ಲಿ ಒಂದು ಮಾಂಸದ ಅಂಗಡಿ. ಅದನ್ನು ನಡೆಸುತ್ತಿದ್ದವಳು ಒಬ್ಬ ವಿಧವೆ. ಮಾಂಸ ಕಡಿದು ಉಳಿದ ಚೂರು, ಉಳಿದ ಕೊಬ್ಬು, ಬೇಯಿಸಿದ ಆಲೂಗಡ್ಡೆ, ಇಷ್ಟರಲ್ಲಿ ಆಕೆ ಸಂಜೆ ಕೊರೊಕ್ಕೆ ಕರಿದು ಮಾರುತ್ತಿದ್ದಳು. ಅಲ್ಲಿನ ಮಾಂಸದ ಅಂಗಡಿಗಳೆಲ್ಲ ಹಾಗೆಯೇ ಅಂತೆ. ಶಾಲೆ ಬಿಟ್ಟ ಮಕ್ಕಳು, ಫ್ಯಾಕ್ಟರಿ ಬಿಟ್ಟ ಗಂಡಸರು, ತರಕಾರಿ ಚೀಲದ ಹೆಂಗಸರು ಒಂದೊಂದು ಕೊಂಡು ನಡೆಯುತ್ತಲೇ ತಿಂದು ಮುಗಿಸುತ್ತಾರೆ.

"ಇದು ಹೊಟ್ಟೆ ತುಂಬಿಸ್ಲಿಕ್ಕೆ ಅಲ್ಲ ಮಾರಾಯ್ರೆ. ಮನೆಗೆ ಹೋಗುವ ದಾರಿಗೆ. ಮನೆಯಲ್ಲಿ ಊಟ ಉಂಟು, ಅಷ್ಟರವರೆಗೆ ಕೈಯಲ್ಲಿ ಒಂದು ಬಿಸಿ ಇರ್ಲಿ ಅಂತ. ಆ ಅಮ್ಮ ನನಗೂ ದಿನಾ ಒಂದು ಕೊಡ್ತಿದ್ದಳು. ನಾನು ತಿನ್ನುತ್ತಾ ಹಡಗಿಗೆ ಹೋಗುದು. ಹಡಗಿಗೇ ಹೋಗುದು, ಆದರೂ ಮನೆಗೆ ಹೋದ ಹಾಗೆ ಆಗ್ತಿತ್ತು."

ಆರು ವಾರವೂ ಆಕೆಯ ಹಿತ್ತಲಿನಲ್ಲಿ ಆಲೂಗಡ್ಡೆ ಸುಲಿದುಕೊಟ್ಟು ಕಲಿತರಂತೆ. ಸಿಪ್ಪೆಯೊಂದಿಗೇ ಬೇಯಿಸಬೇಕು, ಬಿಸಿಯಿರುವಾಗಲೇ ಹಿಸುಕಬೇಕು, ಆದರೆ ಪೂರ್ತಿ ತಣಿಯುವವರೆಗೆ ತಟ್ಟಬಾರದು. "ಒಳಗೆ ಆವಿ ಇಟ್ಕೊಂಡು ಎಣ್ಣೆಗೆ ಬಿದ್ದರೆ ಒಡೆದು ಹೋಗ್ತದೆ. ಮೊದಲು ತಣೀಬೇಕು" ಎಂದು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ನಾನು ಮನೆಯಲ್ಲಿ ಮಾಡಲು ಹೋಗಿ ಮೂರು ಬಾರಿ ಒಡೆದುಕೊಂಡೆ. ನನಗೆ ಕಾಯುವ ತಾಳ್ಮೆಯಿರಲಿಲ್ಲ.

ಒಮ್ಮೆ ನಾಲ್ಕು ದಿನ ಅಂಗಡಿ ಮುಚ್ಚಿತ್ತು. ಪಕ್ಕದಲ್ಲಿ ನೂಡಲ್ಸ್ ಮಾರುತ್ತಿದ್ದ ಚೀನೀ ಹೆಂಗಸು, ನಾವೆಲ್ಲ ನೂಡಲ್ಸ್ ಆಂಟಿ ಅನ್ನುತ್ತಿದ್ದವರು, "ಫೀವರ್, ಫೀವರ್" ಎಂದು ಹಣೆ ಮುಟ್ಟಿ ತೋರಿಸಿ ವಿಳಾಸ ಕೊಟ್ಟರು. ತಿಳಿಸಾರು ಮಾಡಿಕೊಂಡು ಹೋದೆ. ಹತ್ತು ನಿಮಿಷದ ದಾರಿ. ಒಂದೇ ಕೋಣೆಯ ಫ್ಲ್ಯಾಟು. ಪಾತ್ರೆ ಒಣಗಿಸುವ ತಟ್ಟೆಯಲ್ಲಿ ಒಂದು ಬಟ್ಟಲು, ಒಂದು ಲೋಟ, ಒಂದು ಚಮಚ. ಒಲೆಯ ಮೇಲೆ ಗಂಜಿ, ಪಕ್ಕದಲ್ಲಿ ಉಪ್ಪಿನಕಾಯಿ ಬಾಟಲಿ. ಊರಿಗೆಲ್ಲ ಕರಿದು ಹಾಕುವವರ ಮನೆಯಲ್ಲಿ ಎಣ್ಣೆಯ ಜಿಡ್ಡೇ ಇರಲಿಲ್ಲ.

"ಮನೇಲಿ ಏನೂ ಕರಿಯೋದೇ ಇಲ್ವಾ ಅಂಕಲ್?" ಎಂದೆ.

"ಒಬ್ಬನಿಗೆ ಅಂತ ಎಣ್ಣೆ ಇಡ್ಲಿಕ್ಕೆ ಮನಸ್ಸು ಬರುದಿಲ್ಲ" ಎಂದರು. ಕಂಬಳಿ ಹೊದ್ದು ಕೂತಿದ್ದ ಅವರ ಮುಖ ಟೋಪಿಯಿಲ್ಲದೆ ಬಹಳ ಸಣ್ಣದಾಗಿ ಕಂಡಿತು.

ಗೋಡೆಯಲ್ಲಿ ಒಂದೇ ಫೋಟೊ. ಬಿಳಿ ಫ್ರಾಕು, ತಲೆಗೆ ಬಿಳಿ ಪರದೆ, ಕೈಯಲ್ಲಿ ಮೇಣದ ಬತ್ತಿ. ಎಂಟು ಒಂಬತ್ತು ವರ್ಷದ ಹುಡುಗಿ. ಮಗಳು, ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆದ ದಿನ ತೆಗೆದದ್ದು ಎಂದರು. "ನಾನಿರ್ಲಿಲ್ಲ. ಹಡಗಿಗೆ ಪೋಸ್ಟಿನಲ್ಲಿ ಬಂತು. ಈಗ ಸಿಡ್ನಿಯಲ್ಲಿದ್ದಾಳೆ, ಬ್ಲ್ಯಾಕ್‌ಟೌನಿನಲ್ಲಿ. ನರ್ಸು. ಒಬ್ಬ ಮಗ." ಇಷ್ಟು ಹೇಳಿ, ಸಾರಿಗೆ ಒಗ್ಗರಣೆ ಚೆನ್ನಾಗಿ ಬಂದಿದೆ ಎಂದು ಮಾತು ತಿರುಗಿಸಿದರು. ಹೆಂಡತಿ ತೀರಿಕೊಂಡಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಮಗಳ ಸುದ್ದಿ ಕೇಳಿದ್ದು ಅದೇ ಮೊದಲು.

ಅದಾಗಿ ಒಂದು ತಿಂಗಳಿಗೆ, ನಾನು ಸಿಡ್ನಿಗೆ ಹೋಗುವ ಶುಕ್ರವಾರ, ಥರ್ಮಕೋಲಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು. ಒಳಗೆ ಹಿಮಗಟ್ಟಿದ ಕೊರೊಕ್ಕೆ, ಸಾಲಾಗಿ, ನಡುವೆ ಕಾಗದ ಇಟ್ಟು ಜೋಡಿಸಿದ್ದು. "ನಿಮ್ಮ ಯಜಮಾನರ ಮನೆಯಿಂದ ಬ್ಲ್ಯಾಕ್‌ಟೌನ್ ದೂರ ಇಲ್ಲ ಅಲ್ವಾ? ರೈಲಿನಲ್ಲಿ ಹೋಗಿ ಕೊಟ್ಟರೆ ಆಯ್ತು. ನೀವು ಕರಿದು ಕೊಡುದು ಬೇಡ, ಅವಳಿಗೆ ಬರ್ತದೆ" ಎಂದರು. ಆಮೇಲೆ, "ಏನೂ ಹೇಳುದು ಬೇಡ. ಕೊಟ್ಟು ಬನ್ನಿ, ಸಾಕು" ಎಂದು ಸೇರಿಸಿದರು.

ಮಗಳು ಬಾಗಿಲು ತೆರೆದಾಗ ನರ್ಸಿನ ಯೂನಿಫಾರ್ಮಿನಲ್ಲೇ ಇದ್ದಳು. ತಂದೆಯದೇ ಹುಬ್ಬು. ಒಳಗೆ ಕರೆದು, ಚಹಾ ಮಾಡಿ ಕೊಟ್ಟಳು. ಡಬ್ಬಿಯ ಮುಚ್ಚಳ ಎತ್ತಿ ಒಂದು ಗಳಿಗೆ ನೋಡಿ, ಹಾಗೆಯೇ ಮುಚ್ಚಿ ಫ್ರೀಜರಿಗೆ ಇಟ್ಟಳು.

"ಮಗನಿಗೆ ಮಾಡ್ಕೊಡಿ, ತುಂಬ ಚೆನ್ನಾಗಿರುತ್ತೆ" ಎಂದೆ.

"ಹೌದಂತೆ. ತಿಂದವರು ಹೇಳ್ತಾರೆ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ನಾನು ಪಪ್ಪನ ಕೈ ಅಡುಗೆ ತಿಂದದ್ದೇ ಇಲ್ಲ ಆಂಟಿ." ನಮ್ಮಿಬ್ಬರ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಆದರೂ ಅವಳು ಆಂಟಿ ಎಂದದ್ದು ನನ್ನನ್ನು ದೂರದಲ್ಲೇ ಕೂರಿಸಿತು. "ಹಡಗಿನಲ್ಲಿ ಮೂವತ್ತು ಜನರಿಗೆ ದಿನಾ ಮಾಡಿ ಹಾಕ್ತಿದ್ದರು. ಮನೆಗೆ ಬಂದರೆ ಅವರಿಗೆ ರಜೆ. ವರ್ಷಕ್ಕೆ ಎರಡು ತಿಂಗಳು ಬರುದು, ಆ ಎರಡು ತಿಂಗಳು ಮಮ್ಮಿ ಅವರನ್ನು ಅಡುಗೆಮನೆಗೆ ಬಿಡ್ತಿರಲಿಲ್ಲ. ಮಮ್ಮಿ ಹೋದಾಗ ನನಗೆ ಹದಿನಾಲ್ಕು. ಪಪ್ಪ ಬಂದದ್ದು ಇಪ್ಪತ್ತನಾಲ್ಕು ದಿನ ಕಳೆದ ಮೇಲೆ. ನಡು ಸಮುದ್ರದಲ್ಲಿದ್ದರು, ಬರ್ಲಿಕ್ಕೆ ಆಗುದಿಲ್ಲ, ಅದು ನನಗೂ ಅರ್ಥ ಆಗ್ತದೆ. ಆದರೆ ಬಂದು ಒಂದು ವಾರಕ್ಕೆ ಪುನಃ ಹೊರಟರಲ್ಲ, ಅದು ನನಗೆ ಇವತ್ತಿಗೂ ಅರ್ಥ ಆಗುದಿಲ್ಲ."

ನನ್ನ ಕಪ್ಪಿಗೆ ಇನ್ನಷ್ಟು ಚಹಾ ಸುರಿಯುತ್ತ ಅವಳೇ ಕೇಳಿದಳು.

"ಅವರು ಮೆಲ್ಬರ್ನಿಗೆ ಯಾಕೆ ಹೋದದ್ದು ಅಂತ ಹೇಳಿದ್ದಾರಾ?"

"ಸಿಡ್ನೀಲಿ ವ್ಯಾಪಾರ ಸರಿ ಇಲ್ಲ ಅಂದಿದ್ರು."

"ಹತ್ತಿರ ಇರಬೇಡಿ ಅಂತ ನಾನೇ ಹೇಳಿದ್ದು" ಎಂದಳು. ಅಷ್ಟರಲ್ಲಿ ಒಳಗಿನಿಂದ ಐದಾರು ವರ್ಷದ ಹುಡುಗ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದ. ಅವಳು ಅವನ ಕೂದಲು ಸರಿಮಾಡುತ್ತ ಎದ್ದಳು. ನಾನೂ ಎದ್ದೆ.

ಗುರುವಾರ ಬಂತು. ಫುಡ್ ಕೋರ್ಟಿನ ಬಾಗಿಲಲ್ಲಿ ನಾನು ಎರಡು ಸಲ ಹಿಂದಕ್ಕೆ ಹೋಗಿ, ಮೂರನೆಯ ಸಲ ಒಳಗೆ ಹೋದೆ. ಅವರು ತಿರುಗಿಯೇ ನಿಂತಿದ್ದರು.

"ತಿಂದಳಾ?"

ಒಂದೇ ಪದ. ಆ ಮುಖ ನೋಡಿಕೊಂಡು ನಿಜ ಹೇಳುವುದು ನನ್ನಿಂದ ಆಗಲಿಲ್ಲ.

"ತಿಂದ್ರು ಅಂಕಲ್. ನನ್ ಮುಂದೇನೇ ಕರಿದ್ರು. ಮಗುಗೂ ಇಷ್ಟ ಆಯ್ತು."

ಅವರು ನಕ್ಕರು, ಒಂದು ಕಣ್ಣು ಮುಚ್ಚಿಕೊಂಡಿತು. ಹಿಂದೆ ಕಡಾಯಿಯಲ್ಲಿದ್ದದ್ದೆಲ್ಲ ಕಪ್ಪಾಗುತ್ತಿದ್ದರೂ ತಿರುಗಲಿಲ್ಲ. ನೂಡಲ್ಸ್ ಆಂಟಿ ಕೂಗಿ ಎಚ್ಚರಿಸಬೇಕಾಯಿತು. ಆ ಎರಡು ವಾರ ಅವರು ಬೇರೆಯೇ ಮನುಷ್ಯರಾಗಿದ್ದರು. ಕೆಲಸದ ನಡುವೆ ಕೊಂಕಣಿಯ ಯಾವುದೋ ಹಾಡು ಗುನುಗುತ್ತಿದ್ದರು. ಗಿರಾಕಿಗಳ ಮುಖ ನೋಡಿ ಮಾತಾಡುತ್ತಿದ್ದರು. "ಗ್ರ್ಯಾಂಡ್ ಸನ್ ಲೈಕ್" ಎಂದು ನೂಡಲ್ಸ್ ಆಂಟಿಗೆ ಹೇಳುವುದನ್ನು ನನ್ನ ಕಿವಿಯಾರೆ ಕೇಳಿದೆ. ಕೇಳಿ, ನನ್ನ ಕಾಗದದ ಪೊಟ್ಟಣವನ್ನು ಅರ್ಧಕ್ಕೇ ಮಡಿಸಿಟ್ಟೆ.

ಮೂರನೆಯ ವಾರ ಶನಿವಾರ ಅಂಗಡಿ ಮುಚ್ಚಿ, ಯಾರಿಗೂ ಮುಂಚೆ ಹೇಳದೆ, ಇನ್ನೊಂದು ಡಬ್ಬಿ ಹಿಡಿದುಕೊಂಡು ಸಿಡ್ನಿಗೆ ಹೋದರಂತೆ. ಕೋಟು ಹಾಕಿದ್ದರು ಎಂದು ನೂಡಲ್ಸ್ ಆಂಟಿ ಹೇಳಿದರು. ಸೋಮವಾರ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲದೆ ಅಲ್ಲಿಗೆ ಓಡಿದೆ. ಅವರು ಬೆನ್ನು ಮಾಡಿಕೊಂಡು ನಿಂತಿದ್ದರು. ಬಂದದ್ದು ನಾನೆಂದು ಹೆಜ್ಜೆಯಲ್ಲೇ ತಿಳಿಯಿತೋ ಏನೋ.

"ಒಳಗೆ ಕರೆದಳು. ಕೂರ್ಲಿಕ್ಕೆ ಹೇಳಿದಳು. ಚಾ ಕೊಟ್ಟಳು" ಎಂದರು. ಎಣ್ಣೆಯಿಂದ ಒಂದೊಂದೇ ತುಂಡು ತೆಗೆದು ಜಾಲರಿಯ ಮೇಲೆ ನಿಲ್ಲಿಸಿದರು. "ನಾನು ತಂದದ್ದನ್ನು ಫ್ರೀಜರಿನಲ್ಲಿ ಇಡ್ಲಿಕ್ಕೆ ಹೋದೆ. ಮೊದಲಿನದ್ದು ಅಲ್ಲೇ ಉಂಟು. ಕಾಗದ ಸಹ ತೆಗೀಲಿಲ್ಲ."

"ಅಂಕಲ್, ನಾನು..."

"ನೀವು ಒಳ್ಳೆದಕ್ಕೇ ಹೇಳಿದ್ದು. ನನಗೆ ಗೊತ್ತುಂಟು." ಇನ್ನೂ ತಿರುಗಿರಲಿಲ್ಲ. "ಆದರೆ ಇನ್ನೊಮ್ಮೆ ಹಾಗೆ ಹೇಳ್ಬೇಡಿ. ತಿನ್ನದಿದ್ದರೆ ತಿನ್ಲಿಲ್ಲ ಅಂತ್ಲೇ ಹೇಳಿ. ಅದು ನನಗೆ ಅಭ್ಯಾಸ ಉಂಟು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. ಮೂರನೆಯ ಗುರುವಾರ ನೂಡಲ್ಸ್ ಆಂಟಿ ಆಸ್ಪತ್ರೆಯ ರಿಸೆಪ್ಷನ್ನಿಗೇ ಬಂದು ಬಿಸಿ ಪೊಟ್ಟಣವೊಂದನ್ನು ಕೊಟ್ಟು, "ಹಿ ಮೇಕ್ ಎವ್ರಿ ಥರ್ಸ್‌ಡೇ. ಯು ನೋ ಕಮ್" ಎಂದು ಗದರಿ ಹೋದರು. ನಾನು ಬಾರದ ಗುರುವಾರಗಳಂದೂ ಆ ಪುಟ್ಟ ಬಾಣಲೆ ಒಲೆಯ ಮೇಲಿತ್ತು.

ಮತ್ತೆ ಹೋಗತೊಡಗಿದೆ. ಮಗಳ ಮಾತು ಮಾತ್ರ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ವರ್ಷ ಕಳೆದು ನನಗೂ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುನ್ನ, ಬ್ಲ್ಯಾಕ್‌ಟೌನಿಗೆ ಏನಾದರೂ ಕೊಡುವುದಿದೆ ಎಂದು ಅವರು ಹೇಳುತ್ತಾರೇನೋ ಎಂದು ಕಾದೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. "ಒಲೆಯ ಮುಂದೆ ಅವಸರ ಮಾಡ್ಬೇಡಿ. ನಿಮಗೆ ಅದೊಂದು ಬರುದಿಲ್ಲ" ಎಂದು ಕೈಕುಲುಕಿದರು. ಅಂಗೈ ಒಣ ಮರದ ಹಾಗಿತ್ತು.

ಸಿಡ್ನಿಯಿಂದ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ. ಆಮೇಲೆ ಎರಡು ತಿಂಗಳಿಗೊಮ್ಮೆ. ಮಗು ಹುಟ್ಟಿದ ಮೇಲೆ ಅದೂ ತಪ್ಪಿತು. ಮನೆ, ಮಾರ್ಟ್‌ಗೇಜ್, ಚೈಲ್ಡ್ ಕೇರ್ ಎಂದು ದಿನಗಳು ಹೋದವು. ಫೋನ್ ಮಾಡಿದಾಗಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ: "ಇವತ್ತು ಎಂತ ಅಡುಗೆ?" ನಾನು ಏನು ಹೇಳಿದರೂ ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಆ ಕಡೆಯಿಂದ ಉಸಿರಿನ ಸದ್ದು ಮಾತ್ರ ಬರುತ್ತಿತ್ತು.

ಒಂದು ಮಂಗಳವಾರ ಬೆಳಿಗ್ಗೆ ನೂಡಲ್ಸ್ ಆಂಟಿಯ ಫೋನು. ಅಂಗಡಿ ತೆರೆಯಲು ಬಂದ ಅಂಕಲ್ ಬಾಗಿಲಲ್ಲೇ ಕುಸಿದಿದ್ದರಂತೆ. ಆಂಬ್ಯುಲೆನ್ಸಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ. ಹೃದಯ. ಅವರ ಪರ್ಸಿನಲ್ಲಿ, ಏನಾದರೂ ಆದರೆ ತಿಳಿಸಬೇಕಾದವರು ಎಂದು ಒಂದು ಚೀಟಿಯಿತ್ತು. ಅದರಲ್ಲಿದ್ದದ್ದು ನನ್ನ ನಂಬರು. ಮಗಳದಲ್ಲ.

ಕೆಲಸಕ್ಕೆ ರಜೆ ಹೇಳಿ ಬ್ಲ್ಯಾಕ್‌ಟೌನಿಗೆ ಹೋದೆ. ಅವಳು ಹಳೆಯ ಮನೆಯಲ್ಲಿರಲಿಲ್ಲ. ಪಕ್ಕದವರನ್ನು ಕೇಳಿ, ಎರಡು ಬೀದಿ ಆಚೆಯ ಹೊಸ ಮನೆ ಹುಡುಕಿದೆ. ಹೇಳಿದೆ. ಅವಳು ನರ್ಸಿನ ಹಾಗೆಯೇ ಪ್ರಶ್ನೆ ಕೇಳಿದಳು: ಯಾವ ವಾರ್ಡು, ಪ್ರಜ್ಞೆ ಇದೆಯಾ, ಬಿಪಿ ಎಷ್ಟು. ಕೊನೆಗೆ, "ಇವತ್ತು ಮಧ್ಯಾಹ್ನದ ಶಿಫ್ಟಿಗೆ ಜನ ಇಲ್ಲ. ನಾಳೆ ಬೆಳಿಗ್ಗೆ ಫ್ಲೈಟ್ ಬುಕ್ ಮಾಡ್ತೇನೆ" ಎಂದಳು. ನಾನೂ ಬರುತ್ತೇನೆ ಎಂದೆ. ನಾಳೆಗೆ ತಡವಾಗುತ್ತದೆ ಎಂದು ನಮ್ಮಿಬ್ಬರಲ್ಲಿ ಯಾರಿಗೂ ಅನ್ನಿಸಲಿಲ್ಲ.

ಬುಧವಾರ ಬೆಳಿಗ್ಗೆ ನಾವು ವಿಮಾನ ಇಳಿದು ಫೋನ್ ಆನ್ ಮಾಡಿದಾಗ ಆಸ್ಪತ್ರೆಯಿಂದ ಮೆಸೇಜು ಬಂದಿತ್ತು. ನಾವು ಮೋಡದ ಮೇಲಿದ್ದಾಗಲೇ ಅವರು ಹೋಗಿದ್ದರು. ಮಗಳು ಲಗೇಜು ಬರುವ ಜಾಗದಲ್ಲಿ ನಿಂತೇ ಇದ್ದಳು. ಪೆಟ್ಟಿಗೆಗಳೆಲ್ಲ ಸುತ್ತಿ ಸುತ್ತಿ ಖಾಲಿಯಾದವು. ನಮ್ಮ ಹತ್ತಿರ ಲಗೇಜೇ ಇರಲಿಲ್ಲ.

"ಇಪ್ಪತ್ತನಾಲ್ಕು ದಿನ, ಇಪ್ಪತ್ತನಾಲ್ಕು ದಿನ ಅಂತ ಎಷ್ಟು ವರ್ಷ ಹೇಳಿದೆ ನಾನು" ಎಂದಳು.

ಚರ್ಚಿನಲ್ಲಿ ಅವರ ಅಂತಿಮ ಪೂಜೆಗೆ ಹನ್ನೊಂದು ಜನ. ಫುಡ್ ಕೋರ್ಟಿನ ನಾಲ್ಕೈದು ಮಂದಿ, ಮಂಗಳೂರಿನ ಒಂದು ಕುಟುಂಬ, ನಾವಿಬ್ಬರು. ಹಿಂದಿನ ಬೆಂಚಿನಲ್ಲಿ ಒಬ್ಬ ಜಪಾನೀ ಮುದುಕ, ನೂಡಲ್ಸ್ ಆಂಟಿಯಿಂದ ವಿಷಯ ತಿಳಿದು ಬಂದ ಹಳೆಯ ಗಿರಾಕಿ. ಹೊರಗೆ ಬಂದ ಮೇಲೆ ಆತ ಮಗಳ ಮುಂದೆ ನಡು ಬಗ್ಗಿಸಿ ನಿಂತು, ತನ್ನ ಊರಿನ ಮಾಂಸದ ಅಂಗಡಿಯ ಕೊರೊಕ್ಕೆ ಹೀಗೆಯೇ ಇರುತ್ತಿತ್ತು, ಇಲ್ಲಿಗೆ ಬಂದು ನಲವತ್ತು ವರ್ಷದಲ್ಲಿ ಬೇರೆಲ್ಲೂ ಸಿಗಲಿಲ್ಲ, ನೀವು ಚಿಕ್ಕಂದಿನಿಂದ ದಿನಾ ತಿಂದ ಪುಣ್ಯವಂತರು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ಅವಳು ಥ್ಯಾಂಕ್ಯೂ ಎಂದಳು. ನನ್ನ ತೋಳನ್ನು ಹಿಡಿದಿದ್ದ ಅವಳ ಬೆರಳು ಬಿಗಿಯಾಯಿತು.

ಮರುದಿನ ಅಂಗಡಿ ಖಾಲಿ ಮಾಡಬೇಕಿತ್ತು. ಮಗಳು, ನಾನು, ನೂಡಲ್ಸ್ ಆಂಟಿ ಮೂವರೂ ಹೋದೆವು. ಮಗಳು ಡಬ್ಬಗಳನ್ನು ತೆಗೆದು ತೆಗೆದು ಮೂಸಿ ನೋಡುತ್ತಿದ್ದಳು. ಬ್ರೆಡ್ಡಿನ ಪುಡಿ, ಮೈದಾ, ಮೆಣಸಿನ ಪುಡಿ. "ಆವತ್ತಿನ ಡಬ್ಬಿಗಳನ್ನು ಮನೆ ಬದಲಿಸುವಾಗ ಎಸೆದುಬಿಟ್ಟೆ ಆಂಟಿ. ಎರಡನ್ನೂ" ಎಂದಳು. ಆಗ ನೂಡಲ್ಸ್ ಆಂಟಿ ಫ್ರಿಜ್ಜಿನ ಕೆಳಗಿನ ಅರೆಯಿಂದ ಒಂದು ತಟ್ಟೆ ಹೊರತೆಗೆದರು. ಮೇಲೆ ತೆಳು ಬಟ್ಟೆ. ಕೆಳಗೆ ಆರು ಕೊರೊಕ್ಕೆ. ಸೋಮವಾರ ಸಂಜೆ ತಟ್ಟಿ, ಪುಡಿ ಹಚ್ಚಿ, ಮರುದಿನಕ್ಕೆಂದು ಇಟ್ಟು ಹೋಗಿದ್ದು. ಒಂದೊಂದರ ಮೇಲೂ ನಾಲ್ಕು ಬೆರಳಿನ ಒತ್ತು ಇನ್ನೂ ಕಾಣುತ್ತಿತ್ತು.

ಅವು ಬಹಳ ದಿನದವು, ಬೇಡ ಎಂದು ನಾನು ಹೇಳಲು ಹೊರಟೆ. ನೂಡಲ್ಸ್ ಆಂಟಿ ಒಂದನ್ನು ಮೂಸಿ, "ಗುಡ್" ಎಂದು ಎಣ್ಣೆ ಕಾಯಲು ಇಟ್ಟರು. ಮಗಳು ಅಡ್ಡ ಬರಲಿಲ್ಲ. ಕಡಾಯಿಯ ಹತ್ತಿರ ನಿಂತು ನೋಡಿದಳು. ಬೆಂದದ್ದನ್ನು ಆಂಟಿ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟರು. ಬಿಸಿಗೆ ಕೈ ಬದಲಿಸಿದಳು, ಊದಿದಳು, ಕಚ್ಚಿದಳು. ನಿಧಾನವಾಗಿ ಅಗಿದಳು. ನಮ್ಮಿಬ್ಬರ ಕಣ್ಣೂ ಅವಳ ಮುಖದ ಮೇಲೆಯೇ ಇತ್ತು.

"ಮೀಟ್ ಚಡ್ ಜಾಲಾಂ, ಪಪ್ಪಾ" ಎಂದಳು.

ಕೊಂಕಣಿ ನನಗೆ ಬರುವುದಿಲ್ಲ. ಆದರೂ ತಿಳಿಯಿತು. ಉಪ್ಪು ಜಾಸ್ತಿಯಾಗಿದೆ ಎಂದು, ಊಟಕ್ಕೆ ಕೂತ ಮಗಳು ಬಡಿಸುವ ಅಪ್ಪನಿಗೆ ಹೇಳುವ ಹಾಗೆ ಹೇಳಿದ್ದಳು. ಹೇಳಿ ಮುಗಿಸಿ ಅದನ್ನು ಪೂರ್ತಿ ತಿಂದಳು. ಕಾಗದ ಮಡಿಸಿ ಇನ್ನೊಂದಕ್ಕೆ ಕೈ ಚಾಚಿದಳು.